ಬಿಳಿ ಪಂಚೆಯ ಮೇಲೆ ಬಂದ ಕಡಲೂರು

ನಾನು ಸ್ಕಾಟ್ಲೆಂಡಿಗೆ ಹೋದವಳಲ್ಲ. ಆ ದೇಶ ಭೂಪಟದಲ್ಲಿ ಎಲ್ಲಿದೆ ಎಂಬುದನ್ನು ನಿಮ್ಮಪ್ಪ ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ನನಗೆ ಬೆರಳಿಟ್ಟು ತೋರಿಸಿದ. ಆದರೂ ಅಲ್ಲಿಯ ಒಂದು ಕಡಲೂರಿನಲ್ಲಿ ನೋಡುವಂಥದ್ದು ಏನಿದೆ, ಮಾಡುವಂಥದ್ದು ಏನಿದೆ ಎಂದು ನೀವು ಕೇಳಿದರೆ ಈಗಲೂ ಹೇಳಬಲ್ಲೆ. ರೈಲು ಇಳಿದು ಇಳಿಜಾರಿನ ರಸ್ತೆ ಹಿಡಿದರೆ ಎದುರಿಗೇ ಸಮುದ್ರ. ದಂಡೆಯ ಉದ್ದಕ್ಕೂ ಕಲ್ಲು ಹಾಸಿದ ಕಾಲುದಾರಿ, ಅಲ್ಲಲ್ಲಿ ಹಸಿರು ಬಣ್ಣದ ಬೆಂಚು. ಬಲಕ್ಕೆ ಮೀನುದೋಣಿಗಳು ನಿಲ್ಲುವ ಜಾಗ. ಎಡಕ್ಕೆ ಹೋದರೆ ಮರಳು. ಇದನ್ನೆಲ್ಲ ನಾನು ನೋಡಿದ್ದು ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಗೋಡೆಯ ಮೇಲೆ, ಒಂದೇ ಒಂದು ಸಂಜೆ. ಆ ಸಂಜೆ ಮತ್ತು ಮಾರನೆಯ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ನನಗೆ ಕೂತು ಕತೆ ಹೇಳುವಂಥ ಮಾತು ಬರುವುದಿಲ್ಲವೆಂದು ನಿಮಗೆ ಗೊತ್ತು. ಬರೆಯುವುದಾದರೆ ಊರ ಶಾಲೆಯ ಮೇಷ್ಟ್ರು ಕಲಿಸಿದಷ್ಟು ಬರುತ್ತದೆ.

ನಿಮ್ಮ ಅಜ್ಜ ಆಗ ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಕೆಲಸದಲ್ಲಿದ್ದರು. ಹೊಸ ಯಂತ್ರ ಬರುವುದಿತ್ತು, ಅದರ ಕೆಲಸ ಕಲಿಯಲು ಕಾರ್ಖಾನೆಯವರು ಇಬ್ಬರನ್ನು ಆ ಕಡಲೂರಿಗೆ ಕಳಿಸಿದರು. ಒಬ್ಬರು ನಿಮ್ಮ ಅಜ್ಜ, ಒಂದು ವರ್ಷಕ್ಕೆ. ಇನ್ನೊಬ್ಬರು ಅವರಿಗಿಂತ ಚಿಕ್ಕವರು, ಅರ್ಧ ವರ್ಷಕ್ಕೆ. ಇಬ್ಬರೂ ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ ಬಾಡಿಗೆಗೆ ಇದ್ದರು. ನಾನು, ಅತ್ತೆ, ಮೂರು ತುಂಬದ ನಿಮ್ಮಪ್ಪ, ಇಷ್ಟೇ ಜನ ಇಲ್ಲಿ ಉಳಿದೆವು. ನಮ್ಮ ಮನೆಯ ಹಿಂದೆ ಆಗಿನ್ನೂ ಬರೀ ಸೈಟಿನ ಗಡಿಕಲ್ಲುಗಳಿದ್ದವು, ಅದರಾಚೆ ಕುರುಬರಹಳ್ಳಿಯ ಕಡೆಗೆ ರಾಗಿ ಹೊಲ.

ಈ ಚಿಕ್ಕವರೇ ಮೊದಲು ವಾಪಸು ಬಂದರು. ಬಂದ ವಾರವೇ ಮನೆಗೆ ಬಂದು, "ಅತ್ತಿಗೆ, ಅಲ್ಲಿ ತೆಗೆದಿರೋ ಸ್ಲೈಡೆಲ್ಲ ತಂದಿದೀನಿ. ನಮ್ಮ ಭಾವನ ಹತ್ರ ಪ್ರೊಜೆಕ್ಟರ್ ಇದೆ. ಶನಿವಾರ ಸಂಜೆ ಒಂದು ಬಿಳೀ ಬಟ್ಟೆ ಕಟ್ಟಿಡಿ. ಅಣ್ಣನ ಊರು ನೋಡೋರಂತೆ" ಎಂದರು.

ನಾನು ನಿಮ್ಮ ಅಜ್ಜನ ಬಿಳಿ ಪಂಚೆಯನ್ನೇ ಒಗೆದು, ಇಸ್ತ್ರಿ ಮಾಡಿ, ನಡುಮನೆಯ ಗೋಡೆಗೆ ಮೊಳೆ ಹೊಡೆದು ಕಟ್ಟಿದೆ. ಪಕ್ಕದ ರಸ್ತೆಯ ಮರದ ಮಂಡಿಯ ಯಜಮಾನಿಯನ್ನು ಕರೆಯಲೇಬೇಕಾಗಿತ್ತು. ನಮ್ಮ ಸುತ್ತಿನಲ್ಲಿ ಫೋನು ಇದ್ದದ್ದು ಅವರ ಮನೆಯಲ್ಲಿ ಮಾತ್ರ. ನಿಮ್ಮ ಅಜ್ಜ ಸುಖವಾಗಿ ತಲುಪಿದ ಸುದ್ದಿ ಬಂದದ್ದೂ ಅಲ್ಲಿಗೇ. ಅವರು ರೇಷ್ಮೆ ಸೀರೆ ಉಟ್ಟು ಸಿನಿಮಾಕ್ಕೆ ಬಂದ ಹಾಗೆ ಬಂದು ಇದ್ದ ಒಂದು ಕುರ್ಚಿಯಲ್ಲಿ ಕೂತರು. ಅತ್ತೆ ಚಾಪೆಯ ಮೇಲೆ ಪಂಚೆಗೆ ಹತ್ತಿರ ಕೂತರು. ನಾನು ಅಡಿಗೆಮನೆ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತೆ.

ದೀಪ ಆರಿಸಿದ ಮೇಲೆ ಪಂಚೆಯ ತುಂಬ ಸಮುದ್ರ ಬಂತು. ಅಷ್ಟು ನೀಲಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಚಿಕ್ಕವರಿಗೆ ಒಳ್ಳೆ ಮಾತು. ಒಂದೊಂದು ಚಿತ್ರವನ್ನೂ ತಾವೇ ಆ ಊರನ್ನು ಕಟ್ಟಿಸಿದವರಂತೆ ತೋರಿಸಿದರು. ದೋಣಿಗಳೆಲ್ಲ ಕೆಸರಿನಲ್ಲಿ ಪಕ್ಕಕ್ಕೆ ವಾಲಿಕೊಂಡು ಬಿದ್ದಿದ್ದ ಒಂದು ಚಿತ್ರ. "ಮುರಿದು ಹೋಗಿವೆ ಅಂದ್ಕೋಬೇಡಿ. ಅಲ್ಲಿ ನೀರು ದಿನಕ್ಕೆರಡು ಸಲ ಅಷ್ಟು ದೂರ ಹಿಂದಕ್ಕೆ ಹೋಗತ್ತೆ, ಎರಡು ಸಲ ಬರತ್ತೆ. ಬಂದಾಗ ಇವೇ ದೋಣಿ ಎದ್ದು ನಿಲ್ತಾವೆ." ಮಕ್ಕಳು ಕತ್ತೆಯ ಮೇಲೆ ಕೂತು ಮರಳಿನಲ್ಲಿ ಸವಾರಿ ಹೋಗುವುದು. ವಯಸ್ಸಾದ ಗಂಡಸರು ಹುಲ್ಲಿನ ಮೇಲೆ ಸಣ್ಣ ಚೆಂಡನ್ನು ಕೋಲಿನಿಂದ ತಳ್ಳಿ ಕುಳಿಗೆ ಬೀಳಿಸುವುದು. ಬಂಡೆಗಳ ನಡುವೆ ಗೋಡೆ ಕಟ್ಟಿ ಸಮುದ್ರದ ನೀರನ್ನೇ ಹಿಡಿದಿಟ್ಟ ಈಜುಕೊಳ. ಆಲೂಗಡ್ಡೆ ಕರಿದು ಪೇಪರಿನಲ್ಲಿ ಸುತ್ತಿ ಕೊಡುವ ಅಂಗಡಿ. ರಾತ್ರಿ ಊಟದ ಹೊತ್ತು ಮೀರಿದರೂ ಮುಳುಗದ ಸೂರ್ಯ. ಒಂದು ಗುಂಡನೆಯ ಮಂಟಪದಲ್ಲಿ ವಾಲಗದವರ ಹಾಗೆ ಸಾಲಾಗಿ ಕೂತು ಊದುವವರು.

"ಅವರಿಗೆ ಚಳಿ ಆಗಲ್ವೇನ್ರೀ? ಆ ಹೆಂಗಸು ನೋಡಿ, ಮೈಮೇಲೆ ಬಟ್ಟೇನೇ ಇಲ್ಲ!" ಎಂದರು ಮಂಡಿಯ ಯಜಮಾನಿ. ನನ್ನ ಕಡೆ ತಿರುಗಿ, "ನಿಮ್ಮ ಯಜಮಾನ್ರು ಇವರ ಮಧ್ಯ ವರ್ಷ ಪೂರ್ತಿ ಇರ್ಬೇಕಾ? ಹುಷಾರು ಕಣ್ರೀ!" ಎಂದು ನಕ್ಕರು.

"ಅಣ್ಣನ ಕಣ್ಣು ಅವರ ಮೇಲೆಲ್ಲ ಇಲ್ಲ ಆಂಟಿ," ಚಿಕ್ಕವರೂ ನಕ್ಕರು. "ಅಣ್ಣಂಗೆ ಹಿಡಿದಿರೋದು ಸಮುದ್ರದ ಹುಚ್ಚು. ಬೇಸಿಗೆ ಪೂರ್ತಿ ನೋಡಿದೀನಿ, ಕೆಲಸ ಮುಗೀತು ಅಂದ್ರೆ ಸಾಕು, ಒಬ್ರೇ ಬೀಚಿಗೆ. ಕತ್ತೆ ಸವಾರಿ ಬೇಡ, ದ್ವೀಪಕ್ಕೆ ದೋಣೀಲಿ ಹೋಗೋಣ ಅಂದ್ರೆ ಬೇಡ. ನೀರು ಒಂದೇ. ನೋಡಿ, ಇಲ್ಲಿದಾರೆ."

ಪಂಚೆಯ ಮೇಲೆ ನಿಮ್ಮ ಅಜ್ಜ ಬಂದರು. ತೊಡೆಯವರೆಗೆ ನೀರಿನಲ್ಲಿ ನಿಂತಿದ್ದರು. ಬಗ್ಗಿದ್ದವರು ಯಾರೋ ಕೂಗಿದ್ದಕ್ಕೆ ಆಗ ತಾನೆ ಎದ್ದು ನೋಡಿದ ಹಾಗಿತ್ತು. ಮೈಮೇಲೆ ಅಂಗಿ ಇರಲಿಲ್ಲ, ಕೂದಲಿನಿಂದ ನೀರು ಇಳಿಯುತ್ತಿತ್ತು. ನನ್ನ ತೋಳಲ್ಲಿದ್ದ ಮಗು "ಅಪ್ಪ" ಎಂದಿತು. ನನಗೆ ಎಲ್ಲರೆದುರು ಗಂಡನ ಬರಿಮೈ ನೋಡಲು ನಾಚಿಕೆಯಾಗಿ ನೆಲ ನೋಡಿದೆ.

ಚಿಕ್ಕವರು ಮುಂದಿನ ಚಿತ್ರ ಹಾಕಿದರು. ಅಷ್ಟರಲ್ಲಿ ಅತ್ತೆ, "ತಡಿಯಪ್ಪ. ಹಿಂದಿಂದು ಹಾಕು" ಎಂದರು.

ಅವರು ಹಾಕಿದರು. ಅತ್ತೆ ಎದ್ದು ಪಂಚೆಯ ಹತ್ತಿರ ಹೋದರು. ಅವರ ನೆರಳು ಸಮುದ್ರದ ಮೇಲೆ ಬಿತ್ತು, ಪಕ್ಕಕ್ಕೆ ಸರಿದರು. ಮಗನ ಎದೆಯ ಮೇಲೆ ಬೆರಳಿಟ್ಟರು.

"ಲಿಂಗ ಎಲ್ಲಿ?" ಎಂದರು.

ಆಗ ನಾನೂ ತಲೆಯೆತ್ತಿ ನೋಡಿದೆ. ಕೊರಳಲ್ಲಿ ಶಿವದಾರ ಇರಲಿಲ್ಲ. ಬೆಳ್ಳಿಯ ಕರಡಿಗೆ ಇರಲಿಲ್ಲ. ತೋಳಿಗೂ ಏನೂ ಕಟ್ಟಿರಲಿಲ್ಲ. ಅದೇ ಹೊತ್ತಿಗೆ ಕರೆಂಟು ಹೋಯಿತು.

ಮಕ್ಕಳೇ, ನಿಮಗೆ ಲಿಂಗ ಕಟ್ಟಿಸಿದ್ದು ನೀವು ಕೂಸಾಗಿದ್ದಾಗ. ಈಗ ನೀವು ಅದನ್ನು ದೇವರ ಮನೆಯಲ್ಲಿಟ್ಟು ಆಫೀಸಿಗೆ ಹೋಗುತ್ತೀರಿ, ನಾನು ಏನೂ ಅನ್ನುವುದಿಲ್ಲ. ಅತ್ತೆಯ ಕಾಲದ್ದು ಬೇರೆ. ಒಮ್ಮೆ ಮೈಮೇಲೆ ಬಂದ ಲಿಂಗ ಮಣ್ಣಿಗೆ ಹೋಗುವಾಗಲೂ ಜೊತೆಗೆ ಹೋಗಬೇಕು. ಸ್ನಾನಕ್ಕೆ, ನಿದ್ದೆಗೆ, ಹೆರಿಗೆಗೆ ಯಾವುದಕ್ಕೂ ತೆಗೆಯುವಂತಿಲ್ಲ. ಎಲ್ಲಾದರೂ ಬಿದ್ದುಹೋದರೆ ಅದು ಸಿಗುವ ತನಕ ಬಾಯಿಗೆ ನೀರು ಹಾಕುವಂತಿಲ್ಲ. ಬೇಕೆಂದೇ ಬಿಚ್ಚಿಟ್ಟವನನ್ನು ಮನೆಯ ಮಗ ಎಂದು ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮಗ ಹೊರಡುವ ಹಿಂದಿನ ದಿನ ಆ ದಾರವನ್ನು ಹೊಸೆದು ಕಟ್ಟಿದವರು ಅವರೇ.

ನಾನು ಕತ್ತಲಲ್ಲಿ ಬೆಂಕಿಪೊಟ್ಟಣಕ್ಕೆ ತಡಕಾಡುತ್ತಿದ್ದೆ. ಪಾಪ, ಚಿಕ್ಕವರು ಸಮಾಧಾನ ಮಾಡಲು ಹೋದರು. "ಅಮ್ಮ, ನೀರಿಗಿಳಿಯೋವಾಗ ದಾರ ಒದ್ದೆ ಆಗತ್ತೆ ಅಂತ ಬಿಚ್ಚಿಟ್ಟಿರ್ತಾರೆ, ಅಷ್ಟೆ. ರೂಮಲ್ಲಿ ಜೋಪಾನವಾಗಿರತ್ತೆ."

"ನೀನು ಸ್ನಾನಕ್ಕೆ ಹೋಗೋವಾಗ ಜನಿವಾರ ಗೂಟಕ್ಕೆ ನೇತಾಕ್ತೀಯೇನಪ್ಪ?" ಎಂದು ಅತ್ತೆಯ ದನಿ ಬಂತು.

ಅವರು ಕತ್ತಲಲ್ಲೇ ಪ್ರೊಜೆಕ್ಟರಿನ ತಂತಿ ಸುತ್ತತೊಡಗಿದರು.

ದೀಪ ಹಚ್ಚಿದಾಗ ಅತ್ತೆ ಪಂಚೆಯ ಮುಂದೆಯೇ ನಿಂತಿದ್ದರು, ಅದೀಗ ಬರೀ ಪಂಚೆಯಾಗಿತ್ತು. ಮಂಡಿಯ ಯಜಮಾನಿ ಏಳುತ್ತ, "ಫಾರಿನ್ ನೀರು ಕುಡಿದ ಮೇಲೆ ಇವೆಲ್ಲ ಯಾರಿಗೆ ನೆನಪಿರತ್ತಮ್ಮ, ಬಿಡಿ" ಎಂದರು. ಅತ್ತೆ ನನ್ನ ಕಡೆ ತಿರುಗಿದರು. ನನಗೆ ಹೇಳಿದರು: "ನೋಡವ್ವ. ಅದು ಎಲ್ಲೈತೆ ಅಂತ ತಿಳಿಯೋವರೆಗೂ ನನಗೆ ಅನ್ನ ನೀರು ಎರಡೂ ಬೇಡ. ಬಿಚ್ಚಿಟ್ಟಿದ್ದೇ ನಿಜ ಆದ್ರೆ ಅವನು ಈ ಹೊಸಿಲು ತುಳಿಯೋದೂ ಬೇಡ."

ಅವರು ಹೇಳಿದರೆಂದರೆ ಮಾಡುತ್ತಿದ್ದರು. ಮಾವ ತೀರಿದಾಗ ಹಿಡಿದ ಒಪ್ಪೊತ್ತಿನ ಊಟವನ್ನು ಆವರೆಗೂ ಬಿಟ್ಟಿರಲಿಲ್ಲ. ಆ ದಿನದ ಆ ಒಂದು ಊಟವೂ ಚಿತ್ರ ನೋಡಿದ ಮೇಲೆ ಮಾಡೋಣವೆಂದು ಒಲೆಯ ಪಕ್ಕ ಮುಚ್ಚಿಟ್ಟಿದ್ದು ಹಾಗೇ ಉಳಿಯಿತು. ಅವರಿಗೆ ರಕ್ತದೊತ್ತಡಕ್ಕೆ ಮಾತ್ರೆ ಕೊಡುತ್ತಿದ್ದೆ. ಅದಕ್ಕೂ ನೀರು ಬೇಕಲ್ಲ. ಲೋಟ ಹಿಡಿದು ನಿಂತವಳನ್ನು ನೋಡದೆ ಗೋಡೆಯ ಕಡೆ ತಿರುಗಿ ಮಲಗಿದರು.

ಭಾನುವಾರ ಬೆಳಗ್ಗೆಯೇ ಚಿಕ್ಕವರು ಮುಖ ಸಣ್ಣದು ಮಾಡಿಕೊಂಡು ಬಂದರು. ಕಾಗದ ಬರೆದು ಉತ್ತರ ಬರುವುದಕ್ಕೆ ವಾರಗಟ್ಟಲೆ ಬೇಕು, ಫೋನೇ ಮಾಡಬೇಕು ಎಂದರು. ಬಾಡಿಗೆ ಮನೆಯ ಆ ಹೆಂಗಸಿನ ನಂಬರು ಅವರಿಗೆ ಗೊತ್ತಿತ್ತು. ಮಂಡಿಯವರ ಮನೆಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಬಂದರು. ಯಾವಾಗ ಸಿಕ್ಕುತ್ತದೆಂದು ಎಕ್ಸ್‌ಚೇಂಜಿನವರು ಹೇಳಲಾರರು, ಸಂಜೆಯಾಗಬಹುದು, ನಾಳೆಯೂ ಆಗಬಹುದು.

ಅತ್ತೆ ಎಂದಿನಂತೆ ಸ್ನಾನ ಮಾಡಿ, ತಮ್ಮ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರು. ಎಂದಿಗಿಂತ ಬಹಳ ಹೊತ್ತು ಕೂತರು. ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿ ಬಿಳಿಚಿಕೊಂಡಿತ್ತು. ಬಚ್ಚಲಿಗೆ ಹೋಗಲು ಎದ್ದವರು ಗೋಡೆ ಹಿಡಿದು ನಿಂತುಬಿಟ್ಟರು. ನಾನು ಓಡಿ ಹೋಗಿ ಹಿಡಿದುಕೊಂಡೆ. ಮೈ ಬೆಂಕಿಯಂತೆ ಸುಡುತ್ತಿತ್ತು.

"ಅತ್ತೆ, ಒಂದು ಗುಟುಕು. ನಿಮ್ಮ ಕಾಲಿಗೆ ಬೀಳ್ತೀನಿ."

"ಅವನು ಕಾಲಿಗೆ ಬೀಳ್ಬೇಕು, ನೀನಲ್ಲ."

ನನಗೆ ಎರಡೂ ಕಡೆ ಭಯ. ಫೋನು ಬರದಿದ್ದರೆ ಇವರು ಉಳಿಯುವುದಿಲ್ಲ. ಫೋನು ಬಂದು, ಅವರು "ಹೌದು, ಬಿಚ್ಚಿಟ್ಟೆ" ಎಂದುಬಿಟ್ಟರೆ ಇವರು ಉಳಿದರೂ ಮನೆ ಉಳಿಯುವುದಿಲ್ಲ. ನಿಮ್ಮ ಅಜ್ಜ ಹಾಗೆ ಮಾಡುವವರಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಆದರೆ ಮದುವೆಯಾಗಿ ಐದು ವರ್ಷದಲ್ಲಿ ನಾನು ಅವರ ಜೊತೆ ಎಷ್ಟು ಮಾತಾಡಿದ್ದೆ? ಊಟಕ್ಕೆ ಬನ್ನಿ, ಸೀಮೆಎಣ್ಣೆ ಮುಗಿದಿದೆ, ಮಗುವಿಗೆ ಜ್ವರ. ಅಷ್ಟು ದೂರದ ಊರಿನಲ್ಲಿ, ಅಷ್ಟು ನೀಲಿ ನೀರಿನ ಮುಂದೆ ಅವರ ಮನಸ್ಸು ಹೇಗಿರುತ್ತದೋ ನನಗೆ ತಿಳಿಯದು.

ಇಳಿಹೊತ್ತಿಗೆ ಮಂಡಿಯ ಆಳು ಓಡಿ ಬಂದು, ಲೈನು ಸಿಗುವ ಹಾಗಿದೆಯಂತೆ, ಬರಬೇಕಂತೆ ಎಂದ. ಅತ್ತೆಯನ್ನು ಬರಬೇಡಿ ಎಂದರೆ ಕೇಳಲಿಲ್ಲ. ಮಗುವನ್ನು ಆಳು ಎತ್ತಿಕೊಂಡ, ಅತ್ತೆಯನ್ನು ಒಂದು ಕಡೆ ನಾನು, ಒಂದು ಕಡೆ ಚಿಕ್ಕವರು ಹಿಡಿದುಕೊಂಡು ಆ ರಸ್ತೆಯ ತಿರುವು ದಾಟಿದೆವು. ಮಂಡಿಯವರ ಹಾಲಿನಲ್ಲಿ ಫೋನಿಗೆ ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದರು. ಯಜಮಾನಿ ನಿನ್ನೆಯ ಹಾಗಿರಲಿಲ್ಲ. ಅತ್ತೆಯ ಮುಖ ನೋಡಿದವರೇ ಸೋಫಾದ ಮೇಲಿದ್ದವರನ್ನೆಲ್ಲ ಎಬ್ಬಿಸಿ ಜಾಗ ಮಾಡಿದರು.

ಗಂಟೆ ಬಾರಿಸಿತು. ಚಿಕ್ಕವರು ಎತ್ತಿಕೊಂಡು ಇಂಗ್ಲಿಷಿನಲ್ಲಿ ಕೂಗಿ ಕೂಗಿ ಮಾತಾಡಿದರು. ಕೊನೆಗೆ ಕೈಯಿಂದ ಫೋನಿನ ಬಾಯಿ ಮುಚ್ಚಿ ನಮ್ಮ ಕಡೆ ತಿರುಗಿದರು. "ಅಣ್ಣ ಮನೇಲಿಲ್ವಂತೆ. ಬೀಚಿಗೆ ಹೋಗಿದಾರಂತೆ. ಆಯಮ್ಮ ತಾನೇ ಹೋಗಿ ಕರ್ಕೊಂಡು ಬರ್ತೀನಿ ಅಂತಿದಾರೆ. ಆಪರೇಟರು ಆಮೇಲೆ ಮತ್ತೆ ಹಾಕ್ತಾರೆ."

"ನೀರಾಟಕ್ಕೆ ಹೋಗಿದಾನಾ?" ಎಂದರು ಅತ್ತೆ.

ಅತ್ತೆ ಕಣ್ಣು ಮುಚ್ಚಿಕೊಂಡರು. ಆ ಹಾಲಿನ ಗೋಡೆಯ ಗಡಿಯಾರ ಮೊದಲೇ ಜೋರು, ಆಗ ಇನ್ನೂ ಜೋರಾಗಿ ಕೇಳಿತು. ಯಜಮಾನಿ ಬಾಳೆಹಣ್ಣು, ನೀರು ತಂದು ಮುಂದಿಟ್ಟರು. ಯಾರೂ ಮುಟ್ಟಲಿಲ್ಲ. ಹೊರಗೆ ಮಂಡಿಯಲ್ಲಿ ಮರ ಕೊಯ್ಯುವ ಯಂತ್ರ ಭಾನುವಾರವಾದ್ದರಿಂದ ನಿಂತಿತ್ತು. ನಾನು ಪಂಚೆಯ ಮೇಲೆ ಕಂಡ ಊರನ್ನು ನೆನೆದು, ಆ ಮುದುಕಿ ಯಾವ ದಾರಿಯಲ್ಲಿ ಹೋಗುತ್ತಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಇಳಿಜಾರಿನ ರಸ್ತೆ, ಕಲ್ಲಿನ ಕಾಲುದಾರಿ, ಎಡಕ್ಕೆ ತಿರುಗಿ ಮರಳು. ಬೇಗ ನಡೆ ತಾಯಿ, ಬೇಗ ನಡೆ.

ಮತ್ತೆ ಫೋನಿನ ಗಂಟೆ ಹೊಡೆಯಿತು. ಚಿಕ್ಕವರು ಎರಡು ಮಾತಾಡಿ, "ಅಣ್ಣ ಬಂದ್ರು! ಅಮ್ಮ, ಮಾತಾಡಿ" ಎಂದು ಅತ್ತೆಯ ಕಡೆ ಚಾಚಿದರು.

ಅತ್ತೆ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ಗಲ್ಲ ಎತ್ತಿ ತೋರಿಸಿದರು. "ನಾನು ಕೇಳಿದ್ರೆ ನನ್ನ ನೋಯಿಸಬಾರ್ದು ಅಂತ ಏನಾದ್ರೂ ಹೇಳ್ತಾನೆ. ನಿನಗೆ ಸುಳ್ಳು ಹೇಳಲ್ಲ. ನೀನು ಕೇಳು."

ಅಷ್ಟು ಜನರ ಮುಂದೆ ಗಂಡನ ಜೊತೆ ಮಾತಾಡುವುದು! ಫೋನು ಹಿಡಿದೇ ಗೊತ್ತಿರಲಿಲ್ಲ. ಚಿಕ್ಕವರು ಕಿವಿಗೆ ಯಾವುದು, ಬಾಯಿಗೆ ಯಾವುದು ಎಂದು ಸರಿ ಮಾಡಿ ಕೊಟ್ಟರು. ಒಳಗೆ ಗಾಳಿ ಬೀಸಿದಂತೆ ಸದ್ದು. ಅದರೊಳಗಿಂದ, "ಯಾರು? ಏನಾಯ್ತು? ಮಗು ಹೆಂಗಿದೆ?" ಎಂದು ನಿಮ್ಮ ಅಜ್ಜನ ದನಿ.

"ನಾನು," ಎಂದೆ.

"ಕೇಳಿಸ್ತಾ ಇಲ್ಲ!"

"ಜೋರಾಗಿ ಅತ್ತಿಗೆ, ಕೂಗಿ!" ಎಂದರು ಚಿಕ್ಕವರು.

ಆಗ ನಾನು ಕೂಗಿದೆ. ಜೀವನದಲ್ಲಿ ಅಷ್ಟು ಜೋರಾಗಿ ಕೂಗಿದ್ದು ಅದೇ. "ನಿಮ್ಮ ಲಿಂಗ ಎಲ್ಲಿ? ಅತ್ತೆ ಚಿತ್ರದಲ್ಲಿ ನೋಡಿದ್ರು. ನಿನ್ನೆಯಿಂದ ನೀರು ಮುಟ್ಟಿಲ್ಲ. ಬಿಚ್ಚಿಟ್ರಾ? ನಿಜ ಹೇಳಿ!"

ಅವರು ಒಂದೊಂದಾಗಿ ಹೇಳಿದರು. ಅಲ್ಲಿಯ ಬೇಸಿಗೆಯಲ್ಲಿ ಎಲ್ಲರೂ ಕರೆದರೆಂದು ಮೊದಲ ಸಲ ನೀರಿಗಿಳಿದಾಗ ದೊಡ್ಡ ಅಲೆಯೊಂದು ಹೊಡೆದು ಬೀಳಿಸಿತಂತೆ. ನೀರು ಎಷ್ಟು ತಣ್ಣಗಿತ್ತೆಂದರೆ ಮೈಗೆ ಏನೂ ತಿಳಿಯುತ್ತಿರಲಿಲ್ಲವಂತೆ. ದಡಕ್ಕೆ ಬಂದು ಮೈ ಒರೆಸುವಾಗ ಕೊರಳು ಬರಿದಾಗಿತ್ತು. ಮೊದಲಿನ ದಿನಗಳು ಉಪವಾಸವಿದ್ದು ಹುಡುಕಿದರು. ಆಮೇಲೆ ಕೆಲಸದಲ್ಲಿ ತಲೆ ಸುತ್ತಿ ಬಿದ್ದದ್ದಕ್ಕೆ ತಿನ್ನಲೇಬೇಕಾಯಿತು. ಹುಡುಕುವುದನ್ನು ಬಿಡಲಿಲ್ಲ. ನೀರು ಹಿಂದಕ್ಕೆ ಹೋಗುವ ಹೊತ್ತು ನೋಡಿಕೊಂಡು ದಿನಾ ಹೋಗಿ ಮರಳು ಕೆದಕುತ್ತಿದ್ದರು. ನೀರು ಮತ್ತೆ ಏರಿದರೂ ಕೈಯಾಡಿಸುತ್ತ ನಿಲ್ಲುತ್ತಿದ್ದರು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ, ಪಕ್ಕದ ಕೋಣೆಯಲ್ಲಿದ್ದ ಚಿಕ್ಕವರಿಗೂ.

"ಈಗಲೂ ಅಲ್ಲಿಂದ್ಲೇ ಬಂದೆ," ಎಂದರು. "ಅವ್ವಂಗೆ ಹೆಂಗೆ ಹೇಳ್ಲಿ?"

ಚಿಕ್ಕವರು ತಗ್ಗಿದ ದನಿಯಲ್ಲಿ, "ಏನಂತೆ ಅತ್ತಿಗೆ?" ಎಂದರು.

ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ನಡುವೆ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮುಂದೆ ಹೇಳಲಾಗುತ್ತಿರಲಿಲ್ಲ. ಚಿಕ್ಕವರು ಸೋಫಾದ ತುದಿಯಲ್ಲಿ ಕುಸಿದು ಕೂತರು. "ಅಯ್ಯೋ, ನಾನು ದಡದಿಂದ ಕೂಗಿ, ಸ್ಮೈಲ್ ಮಾಡಿ ಅಣ್ಣ ಅಂತ ಫೋಟೋ ತೆಗೆದ್ನಲ್ಲ," ಎಂದರು.

ಅತ್ತೆ ಮಾತ್ರ ಅಲ್ಲಾಡಲಿಲ್ಲ. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡರು. ಅವರು ಏನು ಹೇಳುತ್ತಾರೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದು ಅವರ ಬಾಯನ್ನೇ ನೋಡುತ್ತಿದ್ದೆ.

"ಬಿಚ್ಚಿಟ್ಟಿಲ್ಲ ತಾನೆ?"

"ಇಲ್ಲ ಅತ್ತೆ."

"ದಿನಾ ಹುಡುಕಿದಾನೆ?"

"ದಿನಾ."

"ಸಾಕು ಅನ್ನು. ಇನ್ನು ಆ ತಣ್ಣೀರಿಗೆ ಇಳಿಯೋದು ಬೇಡ."

ನಾನು ಕೂಗಿದೆ. ನಡುವೆ ಆಪರೇಟರು, ಮೂರು ನಿಮಿಷ ಆಗುತ್ತ ಬಂತೆಂದರು.

"ಊರಿಗೆ ಬಂದ ದಿನ ಸ್ವಾಮಿಗಳ ಹತ್ರ ಕರ್ಕೊಂಡು ಹೋಗಿ ಹೊಸದು ಕಟ್ಟಿಸ್ತೀನಿ ಅನ್ನು. ಅಲ್ಲೀತನಕ ಬೆಳಗ್ಗೆ ಸ್ನಾನ ಮಾಡಿ ಎಡಗೈ ಮುಂದೆ ಚಾಚಿ ಕೂತ್ಕೊಳ್ಲಿ. ಬರೀ ಕೈ ಆದ್ರೂ ಆಗ್ಲಿ. ಅದನ್ನೇ ನೋಡ್ಲಿ. ಆಮೇಲೆ ಹೊಟ್ಟೆ ತುಂಬ ಉಣ್ಲಿ."

ಒಂದೊಂದು ಮಾತನ್ನೂ ಕೂಗಿ ದಾಟಿಸಿದೆ. ಹಾಲಿನಲ್ಲಿದ್ದವರೆಲ್ಲ ಕೇಳುತ್ತಿದ್ದರು, ಬಾಗಿಲ ಹೊರಗೂ ಜನ ನಿಂತಿದ್ದರು. ಆ ಹೊತ್ತಿಗೆ ನನಗೆ ಅದು ಯಾವುದೂ ತಿಳಿಯಲಿಲ್ಲ. ಕೊನೆಗೆ ನಿಮ್ಮ ಅಜ್ಜನ ದನಿ ಬಂತು. ಅಳುತ್ತಿದ್ದರೆಂದು ಕಾಣುತ್ತದೆ. "ಅವ್ವ ಉಂಡ್ಲಾ? ಮೊದ್ಲು ಅದು ಹೇಳು."

"ಏನಂತೆ?" ಎಂದರು ಅತ್ತೆ.

"ನೀವು ಉಂಡ್ರಾ ಅಂತ ಕೇಳ್ತಿದಾರೆ."

ಅತ್ತೆ ಬೇರೆ ಜನದವರ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿದವರಲ್ಲ. ನಮ್ಮ ಜನದ ಮನೆಯಾದರೂ, ಪೂಜೆ ಮಾಡಿದವರ ಕೈಯಿಂದಲೇ ಆಗಬೇಕು. ಅವರು ಎದುರಿಗಿದ್ದ ತಟ್ಟೆಯ ಕಡೆ ಕೈಚಾಚಿದರು. ಮಂಡಿಯ ಯಜಮಾನಿ ಬೇಗನೆ ಲೋಟ ಎತ್ತಿ ಅವರ ಕೈಗೆ ಕೊಟ್ಟು, ಚೆಲ್ಲದಂತೆ ತಮ್ಮ ಕೈಯನ್ನೂ ಒತ್ತಾಸೆಯಾಗಿ ಹಿಡಿದರು. ಅತ್ತೆ ಪೂರ್ತಿ ಕುಡಿದರು. ಬಾಳೆಹಣ್ಣು ಸುಲಿದು, ಮುರಿದು, ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ನುಂಗಿದರು.

"ಈಗ ಹೇಳು," ಎಂದರು.

"ಉಂಡ್ರು! ಅತ್ತೆ ಉಂಡ್ರು!" ಎಂದು ಕೂಗಿದೆ.

ಅವರಿಗೆ ಕೇಳಿಸಿತು. "ಹ್ಞಾಂ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿತು. ಆಮೇಲೆ ಲೈನು ನಿಂತಿತು. ಫೋನನ್ನು ಹೇಗೆ ಇಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದೆ. ಅತ್ತೆ ಉಳಿದ ಅರ್ಧ ಹಣ್ಣನ್ನು ನನ್ನ ಇನ್ನೊಂದು ಕೈಯಲ್ಲಿಟ್ಟರು.

"ತಿನ್ನು. ನಿನ್ನೆಯಿಂದ ನೀನೂ ಏನೂ ಮುಟ್ಟಿಲ್ಲ. ನನಗೇನು ಕಣ್ಣಿಲ್ವಾ?"